ಆಟಕ್ಕುಂಟು, ಲೆಕ್ಕಕ್ಕೆ?

ಕನ್ನಡದ ಮಕ್ಕಳು ತಮ್ಮ ಆಟದಂಗಳದಲ್ಲಿ ಯಾವ ಕಾಲದಲ್ಲಿಯೋ ರಚಿಸಿಕೊಂಡು, ಯಾವ ಗ್ರಂಥದಲ್ಲಿಯೂ ಬರೆದಿಡದೆ, ಬಾಯಿಂದ ಬಾಯಿಗೆ ಸಾಗಿಸಿಕೊಂಡು ಬಂದಿರುವ ಶಾಸನಗಳಲ್ಲೊಂದು ಈಗ ದೊಡ್ಡವರ ರಾಜಕಾರಣದಲ್ಲಿಯೂ ಸಂಸಾರದಲ್ಲಿಯೂ ಗಾದೆಯಾಗಿ ಸವೆದುಹೋಗಿದೆ: ‘ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ಅಕ್ಕನ ಲಂಗದ ಚುಂಗು ಹಿಡಿದು ಬಯಲಿಗೆ ಬಂದ ಮೂರು ವರ್ಷದ ತಮ್ಮನನ್ನು ಏನು ಮಾಡುವುದೆಂಬ ಸಮಸ್ಯೆಗೆ ಮಕ್ಕಳು ಕಂಡುಕೊಂಡ ಪರಿಹಾರವೇ ಅದು. ಅವನನ್ನು ಅಟ್ಟಿದರೆ ಅಳುತ್ತಾನೆ. ಅತ್ತರೆ ಮನೆಯಿಂದ ಕೂಗು ಬರುತ್ತದೆ. ಕೂಗು ಬಂದರೆ ಆಟವೇ ಮುಗಿಯುತ್ತದೆ. ಆದಕಾರಣ ಅವನು ಓಡಬಹುದು, ಕೇಕೆ ಹಾಕಬಹುದು, ಆದರೆ ಮುಟ್ಟಿದರೂ ಅವನು ಔಟಾಗನು, ಗೆದ್ದರೂ ಅವನ ಗೆಲುವು ಯಾರ ಪಾಲಿಗೂ ಸೇರದು. ಮೂರು ವರ್ಷದವನಿಗೆ ಇದೊಂದು ಅನುಗ್ರಹವೇ ಸರಿ, ಏಕೆಂದರೆ ಅವನು ಬೆಳೆಯುತ್ತಾನೆ. ಎರಡು ದೀಪಾವಳಿ ಕಳೆಯುವಷ್ಟರಲ್ಲಿ ಲೆಕ್ಕಕ್ಕೂ ಬರುತ್ತಾನೆ. ಆದರೆ ಹತ್ತು ವರ್ಷದ ಹುಡುಗನೊಬ್ಬನಿಗೆ, ಅವನ ಒಂದು ಕಾಲು ಇನ್ನೊಂದಕ್ಕಿಂತ ಸಣ್ಣದಾಗಿದೆ ಎಂಬ ಒಂದೇ ಕಾರಣಕ್ಕೆ, ಇದೇ ಶಾಸನವನ್ನು ಅನ್ವಯಿಸಿ, ಹನ್ನೊಂದಕ್ಕೂ ಹನ್ನೆರಡಕ್ಕೂ ಅದನ್ನೇ ಮುಂದುವರಿಸಿಕೊಂಡು ಹೋದರೆ, ಆ ಅನುಗ್ರಹವು ಯಾವ ದಿನ ಬಹಿಷ್ಕಾರವಾಗಿ ಮಾರ್ಪಟ್ಟಿತೆಂಬುದು ಆಡುವವರಿಗೂ ತಿಳಿಯದು, ನೋಡುವವರಿಗೂ ತಿಳಿಯದು; ಅವನೊಬ್ಬನಿಗೆ ಮಾತ್ರ ತಿಳಿದಿರುತ್ತದೆ.

ನಮ್ಮ ಓಣಿಯಲ್ಲಿ ಅಂಥವನೊಬ್ಬನಿದ್ದ. ಎಳೆಯದರಲ್ಲಿ ಬಂದ ಜ್ವರವೊಂದು ಅವನ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ಎಡಗೈಯಿಂದ ಮೊಣಕಾಲನ್ನು ಒತ್ತಿಕೊಂಡು ನಡೆಯುತ್ತಿದ್ದ. ನಾವು ಅವನನ್ನು ಎಂದೂ ಅಟ್ಟಲಿಲ್ಲ, ಅಣಕಿಸಲಿಲ್ಲ. ನಮ್ಮ ಕ್ರಿಕೆಟ್ಟಿನಲ್ಲಿ ಅವನಿಗೊಂದು ಗೌರವದ ಹುದ್ದೆಯನ್ನೇ ಕೊಟ್ಟಿದ್ದೆವು. ಕಟ್ಟೆಯ ಮೇಲೆ ಕುಳಿತು, ಇದ್ದಿಲ ಚೂರಿನಿಂದ ಗೋಡೆಯ ಮೇಲೆ ಗೆರೆ ಎಳೆದು, ನಮ್ಮ ರನ್ನುಗಳ ಲೆಕ್ಕ ಬರೆಯುವುದು ಅವನ ಕೆಲಸ. ನಾವು ದೊಡ್ಡ ಮನಸ್ಸಿನವರೆಂದು ನಾವೇ ಅಂದುಕೊಂಡಿದ್ದೆವು. ಲೆಕ್ಕ ಬರೆಯುವವನೇ ಲೆಕ್ಕಕ್ಕಿಲ್ಲವೆಂಬ ವಿಪರ್ಯಾಸವು ಹೊಳೆಯುವ ವಯಸ್ಸು ನಮ್ಮದಾಗಿರಲಿಲ್ಲ. ಒಂದು ದಿನ ಆಡುವವರ ಸಂಖ್ಯೆ ಕಡಿಮೆಯಾಗಿ, ಅವನು ಬ್ಯಾಟು ಕೇಳಿದ; ಓಡುವ ಕೆಲಸವನ್ನು ಇನ್ನೊಬ್ಬ ವಹಿಸಿಕೊಂಡ. ಮೊದಲನೆಯ ಚೆಂಡಿಗೇ ಅವನ ಹಿಂದಿನ ಮೂರು ಇಟ್ಟಿಗೆಗಳಲ್ಲೊಂದು ಉರುಳಿತು. ನಾವೆಲ್ಲ ಒಕ್ಕೊರಲಿನಿಂದ, “ಟ್ರಯಲ್ ಬಾಲ್, ಟ್ರಯಲ್ ಬಾಲ್” ಎಂದು ಕೂಗಿದೆವು. ಅವನು ಬ್ಯಾಟನ್ನು ನೆಲಕ್ಕೆ ಬಡಿದು, “ಔಟಂದ್ರ ಔಟಲೇ, ಟ್ರಯಲ್ ಯಾರಿಗೆ ಬೇಕು?” ಎಂದು ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು, ಕಟ್ಟೆಯ ಕಡೆಗೆ ಹೋಗದೆ ಕೀಪರಿನ ಜಾಗಕ್ಕೆ ಹೋಗಿ ನಿಂತ. ಔಟಾಗುವುದು ಒಂದು ಹಕ್ಕು ಎಂಬುದನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆನಾದರೂ ಅರ್ಥಮಾಡಿಕೊಳ್ಳಲು ಬಹಳ ವರ್ಷಗಳು ಬೇಕಾದವು.

ದೇಹದ ನ್ಯೂನತೆಯುಳ್ಳ ಮಗುವಿಗೆ ಇತರ ಮಕ್ಕಳ ನಡುವೆ ದೊರೆಯುವ, ಇಲ್ಲವೆ ದೊರೆಯದೆ ಹೋಗುವ ಸ್ಥಾನವನ್ನು ಕುರಿತು ಹೇಳಬೇಕೆಂದು ಹೊರಟವನು ದಯೆ, ಕರುಣೆ, ಮಾನವೀಯತೆ ಮುಂತಾದ ದೊಡ್ಡ ಶಬ್ದಗಳನ್ನು ಬಿಟ್ಟು ಮೊದಲು ನೆಲವನ್ನು ನೋಡುವುದು ಲೇಸೆಂದು ನನ್ನ ಭಾವನೆ. ಸಿರುಗುಪ್ಪದಿಂದ ಆದೋನಿಯ ಕಡೆಗೆ ಹೋಗುವ ಹಾದಿಯಲ್ಲಿ, ಹಗರಿಯ ಮಗ್ಗುಲಿಗೆ ಇರುವ ರಾರಾವಿಯನ್ನೇ ತೆಗೆದುಕೊಳ್ಳಿ. ಬಾಬಾಬುಡನ್ ಗಿರಿಯ ಸೀಮೆಯಲ್ಲಿ ಹುಟ್ಟಿ, ವೇದಾವತಿಯೆಂಬ ಶಾಸ್ತ್ರೋಕ್ತ ನಾಮಧೇಯದಿಂದ ಹೊರಟು, ಹಿರಿಯೂರಿನ ಬಳಿ ಮಾರಿಕಣಿವೆಯ ಕಟ್ಟೆಗೆ ಸಿಕ್ಕಿ, ಬಳ್ಳಾರಿಯ ಬಯಲಿಗೆ ಬರುವ ಹೊತ್ತಿಗೆ ಹಗರಿಯೆಂಬ ಒರಟು ಹೆಸರನ್ನೂ ಹರವಾದ ಮರಳಿನ ಪಾತ್ರವನ್ನೂ ಪಡೆದುಕೊಳ್ಳುವ ಈ ಹೊಳೆ, ಇದೇ ತಾಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸುತ್ತಲಿನದು ಎರೆಭೂಮಿ, ತುಂಗಭದ್ರೆಯ ಕಾಲುವೆಯ ನೀರು ಮುಟ್ಟಿದ ಕಡೆಯೆಲ್ಲ ಭತ್ತದ ಗದ್ದೆ. ಈ ಎರೆಮಣ್ಣಿನ ಸ್ವಭಾವವನ್ನು ಊರುಗೋಲಿನವನಷ್ಟು ಚೆನ್ನಾಗಿ ಯಾವ ಕೃಷಿಪಂಡಿತನೂ ಬಲ್ಲವನಲ್ಲ. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟು, ಊರುಗೋಲಿನ ತುದಿಯನ್ನು ನುಂಗುವಷ್ಟು ಬಿರುಕಾಗುತ್ತದೆ; ಮಳೆ ಬಿದ್ದ ಮರುದಿನ ಅಂಗಾಲಿಗೆ ಸೇರುಗಟ್ಟಲೆ ಅಂಟಿಕೊಂಡು, ಗಟ್ಟಿಮುಟ್ಟಾದವನನ್ನೂ ಅಡ್ಡಾದಿಡ್ಡಿ ನಡೆಸುತ್ತದೆ; ಗಾಲಿಕುರ್ಚಿಯ ಚಕ್ರವಂತೂ ಎರಡು ಸುತ್ತು ಸುತ್ತಿ ಅಲ್ಲಿಯೇ ಹೂತುಕೊಳ್ಳುತ್ತದೆ. ಗದ್ದೆಯ ಬದುವಿನ ಮೇಲೆ ಒಂದೇ ಹೆಜ್ಜೆಯ ಅಗಲ. ಅಲ್ಲಿ ಊರುಗೋಲಿಗೆ ಎಡೆಯಿಲ್ಲ.

ಆದರೆ ಹಗರಿಯ ಮರಳಿಗೆ ಬನ್ನಿ. ಅಲ್ಲಿ ಯಾರೂ ಓಡಲಾರರು. ಹಿಮ್ಮಡಿ ಮುಳುಗುವ ಆ ಸಡಿಲ ಮರಳಿನಲ್ಲಿ ಊರಿನ ಅತಿ ವೇಗದ ಹುಡುಗನೂ ಕಾಲೆಳೆದುಕೊಂಡೇ ಹೋಗಬೇಕು. ಎಲ್ಲರೂ ಕುಳಿತು ಗುಬ್ಬಚ್ಚಿಗೂಡು ಕಟ್ಟುವ ಹೊತ್ತಿನಲ್ಲಿ ಯಾರ ಕಾಲು ನೆಟ್ಟಗಿದೆ, ಯಾರದು ಸೊಟ್ಟಗಿದೆ ಎಂಬ ಪ್ರಶ್ನೆಗೆ ಅರ್ಥವೇ ಇರದು. ನೀರಿನಲ್ಲಿಯೂ ಹಾಗೆಯೇ: ಎದೆಮಟ್ಟದ ನೀರು ದೇಹದ ಭಾರವನ್ನು ತಾನು ಹೊತ್ತುಕೊಂಡಾಗ, ನೆಲದ ಮೇಲೆ ಹಿಂದುಳಿದವನು ತೋಳಿನ ಬಲದಿಂದ ಮುಂದಾಗುವುದುಂಟು. (ಮಕ್ಕಳನ್ನು ಕಾಲುವೆಗೆ ಬಿಡಿರೆಂದು ನಾನು ಹೇಳುತ್ತಿಲ್ಲ; ತುಂಬಿ ಹರಿಯುವ ಕಾಲುವೆಯ ಸೆಳೆತಕ್ಕೆ ಅಂಗಭೇದವಿಲ್ಲ.) ಹಾಗಾದರೆ ಆ ಹುಡುಗನ ಅಂಗವೈಕಲ್ಯವು ಇರುವುದು ಅವನ ಕಾಲಿನಲ್ಲಿಯೋ, ಅವನು ನಿಂತ ನೆಲದಲ್ಲಿಯೋ? ಬ್ರಿಟನ್ನಿನಲ್ಲಿ ದೈಹಿಕ ನ್ಯೂನತೆಯುಳ್ಳವರೇ ಕಟ್ಟಿಕೊಂಡ ಒಂದು ಸಂಘವು 1976ರಲ್ಲಿ ಈ ಪ್ರಶ್ನೆಯನ್ನೆತ್ತಿ, ದೇಹದ ಊನವು ಬೇರೆ, ಆ ಊನವನ್ನು ಲಕ್ಷಿಸದೆ ರಚಿತವಾದ ಸಮಾಜವು ಅದರ ಮೇಲೆ ಹೇರುವ ಅಶಕ್ತತೆ ಬೇರೆ ಎಂದು ವಿಂಗಡಿಸಿ ತೋರಿಸಿತು. ಆ ವಿಂಗಡಣೆಯ ಮೇಲೆಯೇ ಅನಂತರದ ಚಿಂತನೆಯೂ ಶಾಸನಗಳೂ ಬೆಳೆದವು. ಹೊಳೆಯ ಮರಳಿನಲ್ಲಿ ಆಡಿದ ಮಕ್ಕಳಿಗೆ ಇದು ಹೊಸ ಸಂಗತಿಯೇನೂ ಅಲ್ಲ.

ಮಕ್ಕಳ ಆಟಗಳನ್ನು ಸ್ವಲ್ಪ ನಿಂತು ನೋಡಿದರೆ ಇನ್ನೊಂದು ಸ್ವಾರಸ್ಯವು ಕಾಣುತ್ತದೆ. ಕುಂಟಬಿಲ್ಲೆಯಲ್ಲಿ ಎರಡು ಕಾಲೂ ಸರಿಯಿರುವವರು ತಾವಾಗಿಯೇ ಒಂದನ್ನು ಮಡಿಸಿಕೊಂಡು ಕುಂಟುತ್ತಾರೆ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣಿರುವವನು ಬಟ್ಟೆ ಕಟ್ಟಿಸಿಕೊಂಡು ತಡಕಾಡುತ್ತಾನೆ. ಆಟವೆಂಬುದರ ತಿರುಳೇ ಒಂದು ಮಿತಿಯನ್ನು ಬೇಕೆಂದು ಹೇರಿಕೊಂಡು, ಆ ಮಿತಿಯೊಳಗೆ ಏನು ಸಾಧ್ಯವೆಂದು ಪರೀಕ್ಷಿಸುವುದು. ಕಾಲು ಊರಿದವನು ಔಟು. ಗೆರೆ ತುಳಿದವನು ಔಟು. ಆದುದರಿಂದ ಮಿತಿಯೆಂಬುದು ಮಕ್ಕಳಿಗೆ ಭಯವನ್ನಾಗಲಿ ಅಸಹ್ಯವನ್ನಾಗಲಿ ಹುಟ್ಟಿಸುವ ವಸ್ತುವಲ್ಲ. ನಿಯಮವನ್ನು ಬದಲಿಸುವುದು ಅವರಿಗೆ ಅಧರ್ಮವೂ ಅಲ್ಲ. ಒಬ್ಬನಿಗೆ ಓಡಲಾಗದಿದ್ದರೆ ಅವನ ಪರವಾಗಿ ಇನ್ನೊಬ್ಬ ಓಡಲಿ ಎಂದು ಅರೆನಿಮಿಷದಲ್ಲಿ ತೀರ್ಮಾನವಾಗುತ್ತದೆ. ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆಯು ತನ್ನ ಪಂದ್ಯಗಳಲ್ಲಿ ‘ರನ್ನರ್’ ಪದ್ಧತಿಯನ್ನು 2011ರಲ್ಲಿ ತೆಗೆದುಹಾಕಿತು; ನಮ್ಮ ಬಯಲುಗಳ ಮಕ್ಕಳು ಆ ನಿರ್ಣಯವನ್ನು ಇನ್ನೂ ಅಂಗೀಕರಿಸಿಲ್ಲ, ಅಂಗೀಕರಿಸುವ ಲಕ್ಷಣವೂ ಕಾಣುತ್ತಿಲ್ಲ.

ಕ್ರಿಕೆಟ್ಟಿನ ಮಾತು ಬಂದ ಮೇಲೆ, ಈ ವಿಷಯದಲ್ಲಿ ಕನ್ನಡನಾಡಿನ ಅತ್ಯಂತ ಉಜ್ವಲವಾದ ನಿದರ್ಶನವನ್ನು ಹೇಳದೆ ಮುಂದಕ್ಕೆ ಹೋಗಲಾಗದು. 1945ರಲ್ಲಿ ಮೈಸೂರಿನಲ್ಲಿ ಜನಿಸಿದ ಭಾಗವತ ಚಂದ್ರಶೇಖರರಿಗೆ ಬಾಲ್ಯದಲ್ಲಿಯೇ ಪೋಲಿಯೊ ತಗುಲಿ, ಬಲಗೈ ಕೃಶವಾಯಿತು. ಕುಟುಂಬವು ಬೆಂಗಳೂರಿಗೆ ಬಂದ ಮೇಲೆ ಅವರು ಅಲ್ಲಿಯ ಬೀದಿಗಳಲ್ಲಿ ಇತರ ಹುಡುಗರ ಸಂಗಡ ಆಡತೊಡಗಿದರು. ಆ ಹುಡುಗರು ಯಾರೆಂಬುದು ಚರಿತ್ರೆಯಲ್ಲಿ ನಿಂತಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಭಾರತದ ಕ್ರಿಕೆಟ್ಟು ಅವರಿಗೆ ಋಣಿಯಾಗಿದೆ. ಸಣಕಲು ಕೈಯವನನ್ನು ಲೆಕ್ಕ ಬರೆಯುವ ಕಟ್ಟೆಗೆ ಕಳುಹಿಸದೆ, ಚೆಂಡನ್ನು ಅವನ ಕೈಗೆ ಕೊಟ್ಟವರು ಅವರು. ಚಂದ್ರಶೇಖರರು ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು. ಬೌಲಿಂಗನ್ನು ಮಾತ್ರ, ಯಾರೂ ಊಹಿಸಲಾರದ ಹಾಗೆ, ಪೋಲಿಯೊ ಬಾಧಿಸಿದ ಆ ಬಲಗೈಯಿಂದಲೇ ಮಾಡುತ್ತಿದ್ದರು. ಆ ತೆಳುವಾದ ತೋಳು ಚಾವಟಿಯಂತೆ ಬೀಸಿ, ಸ್ಪಿನ್ನರುಗಳಲ್ಲಿ ಕಾಣದ ವೇಗದಿಂದ ಗೂಗ್ಲಿಯನ್ನು ಕಳುಹಿಸುತ್ತಿತ್ತು. 1964ರ ಜನವರಿಯಲ್ಲಿ, ಇನ್ನೂ ಹದಿನೆಂಟು ತುಂಬಿದ ಹುಡುಗನಾಗಿದ್ದಾಗ, ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿದರು; 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಕೆಡವಿ, ಆ ನೆಲದಲ್ಲಿ ಭಾರತಕ್ಕೆ ಮೊದಲ ಜಯವನ್ನು ದೊರಕಿಸಿದರು. 58 ಟೆಸ್ಟುಗಳಲ್ಲಿ 242 ವಿಕೆಟ್. ಲೆಕ್ಕಕ್ಕೆ ಬಂದವರ ಲೆಕ್ಕವೆಂದರೆ ಇದು.

ಆದರೆ ನನಗೆ ಇದಕ್ಕಿಂತ ಪ್ರಿಯವಾದುದು ಇನ್ನೊಂದು ಲೆಕ್ಕ. ಇದೇ ಮಹನೀಯರು ಆ 58 ಟೆಸ್ಟುಗಳಲ್ಲಿ ಬ್ಯಾಟಿನಿಂದ ಹೊಡೆದ ಒಟ್ಟು ರನ್ನು 167. ಕಿತ್ತ ವಿಕೆಟ್ಟುಗಳಿಗಿಂತಲೂ ಕಡಿಮೆ. ಸೊನ್ನೆಗೆ ಔಟಾದದ್ದು 23 ಸಲ. 1977-78ರ ಆಸ್ಟ್ರೇಲಿಯ ಪ್ರವಾಸದಲ್ಲಿ ಸೊನ್ನೆಗಳ ಸುರಿಮಳೆಯಾದ ಮೇಲೆ ಅಲ್ಲಿ ಅವರಿಗೆ ನಡುವೆ ತೂತಿರುವ ಒಂದು ಬ್ಯಾಟನ್ನು ಕಾಣಿಕೆಯಾಗಿ ಕೊಟ್ಟರೆಂಬುದು ಕ್ರಿಕೆಟ್ ರಸಿಕರೆಲ್ಲ ಬಲ್ಲ ಕಥೆ. ಈ ಪರಿಹಾಸವನ್ನು ಸೂಕ್ಷ್ಮವಾಗಿ ನೋಡಬೇಕು. ಅವರು ನಗೆಗೆ ಗುರಿಯಾದದ್ದು ಬತ್ತಿದ ಕೈಗಾಗಿ ಅಲ್ಲ, ಕೆಟ್ಟ ಬ್ಯಾಟಿಂಗಿಗಾಗಿ. ಇತರ ಯಾವ ಹನ್ನೊಂದನೆಯ ಆಟಗಾರನೂ ಗುರಿಯಾಗಬಹುದಾದಂತೆ. ಯಾರೂ ಅವರಿಗೆ ಟ್ರಯಲ್ ಬಾಲ್ ಕೊಡಲಿಲ್ಲ. ಅಣಕವೇ ಬೇರೆ, ಛೇಡಿಸುವುದೇ ಬೇರೆ. ಅಣಕವು ಮನುಷ್ಯನು ಬದಲಿಸಿಕೊಳ್ಳಲಾರದ ದೇಹದ ಮೇಲೆ ಬೀಳುತ್ತದೆ. ಛೇಡಿಸುವುದು ಅವನು ಮಾಡಿದ ಕೃತ್ಯದ ಮೇಲೆ ಬೀಳುತ್ತದೆ. ಮಕ್ಕಳ ಗುಂಪಿನಲ್ಲಿ ಒಬ್ಬನು ಒಳಗಿದ್ದಾನೋ ಹೊರಗಿದ್ದಾನೋ ಎಂದು ತಿಳಿಯಬೇಕಾದರೆ, ಅವನನ್ನು ಯಾವುದಕ್ಕಾಗಿ ನಗುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿದರೆ ಸಾಕು. ಯಾವುದಕ್ಕೂ ನಗುವುದಿಲ್ಲವೆಂದರೆ, ಅವನು ಇನ್ನೂ ಕಟ್ಟೆಯ ಮೇಲೆಯೇ ಇದ್ದಾನೆ ಎಂದು ಅರ್ಥ.

ಹಾಸನ ಜಿಲ್ಲೆಯ ಕೊಸವಾರದ ಗಿರೀಶ ಎಚ್. ಎನ್. ಅವರದೂ ಇದೇ ಜಾಡು. ಹುಟ್ಟಿನಿಂದಲೇ ಎಡಗಾಲಿನ ನ್ಯೂನತೆಯಿದ್ದ ಅವರು ಊನವಿಲ್ಲದ ಹುಡುಗರ ಸಂಗಡವೇ ಎತ್ತರ ಜಿಗಿತಕ್ಕೆ ಇಳಿದು, 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರು ಜಿಗಿದು ಬೆಳ್ಳಿಯ ಪದಕ ಪಡೆದರು. ಅಡ್ಡಕೋಲು ಯಾರಿಗಾಗಿಯೂ ತಗ್ಗುವುದಿಲ್ಲ. ಅದೇ ಅದರ ನ್ಯಾಯ.

ಇಷ್ಟು ಹೇಳಿ, ಮಕ್ಕಳೆಲ್ಲ ದೇವತೆಗಳೆಂಬ ಭಾವನೆಯನ್ನು ಓದುಗರಲ್ಲಿ ಉಂಟುಮಾಡಿದರೆ ತಪ್ಪಾದೀತು. ಹೆಸರಿಡುವುದರಲ್ಲಿ ಅವರಷ್ಟು ನಿರ್ದಯರು ಬೇರೆ ಯಾರೂ ಇಲ್ಲ. ಕುಂಟ, ಕಿವುಡ, ಗೂನ, ಮೆಳ್ಳ ಎಂಬ ನಾಲ್ಕು ಅಸ್ತ್ರಗಳು ಪ್ರತಿಯೊಂದು ಓಣಿಯ ಬತ್ತಳಿಕೆಯಲ್ಲಿಯೂ ಸಿದ್ಧವಾಗಿರುತ್ತವೆ. ಅಮೆರಿಕದಲ್ಲಿ ಸ್ಟೀಫನ್ ರಿಚರ್ಡ್‌ಸನ್ನರೂ ಅವರ ಸಹೋದ್ಯೋಗಿಗಳೂ 1961ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹತ್ತು ಹನ್ನೊಂದು ವರ್ಷದ ಮಕ್ಕಳ ಮುಂದೆ ಆರು ಚಿತ್ರಗಳನ್ನಿಟ್ಟು, ಯಾರು ಹೆಚ್ಚು ಇಷ್ಟವೆಂದು ಕ್ರಮವಾಗಿ ಹೇಳಿಸಿದರು. ಊನವಿಲ್ಲದ ಮಗುವಿಗೆ ಮೊದಲನೆಯ ಸ್ಥಾನ ಬಂದುದರಲ್ಲಿ ಆಶ್ಚರ್ಯವಿಲ್ಲ. ಊರುಗೋಲಿನ ಮಗು ಎರಡನೆಯದಾಗಿ, ಗಾಲಿಕುರ್ಚಿಯದು ಮೂರನೆಯದಾಗಿ, ಕೈಯಿಲ್ಲದ್ದು ನಾಲ್ಕನೆಯದಾಗಿ, ಮುಖದಲ್ಲಿ ವಿಕಾರವುಳ್ಳದ್ದು ಐದನೆಯದಾಗಿ ಬಂದು, ಎಲ್ಲರಿಗಿಂತ ಕೊನೆಯಲ್ಲಿ ಬಂದದ್ದು ಯಾವ ಊನವೂ ಇಲ್ಲದ, ಸ್ಥೂಲಕಾಯದ ಮಗು! ಆ ಕ್ರಮವು ಬೇರೆ ಬೇರೆ ಹಿನ್ನೆಲೆಯ ಮಕ್ಕಳಲ್ಲಿ ಬಹುಮಟ್ಟಿಗೆ ಒಂದೇ ಆಗಿ ಕಂಡುಬಂತು. ಮಕ್ಕಳ ತೀರ್ಪು ದೇಹದ ಸಾಮರ್ಥ್ಯವನ್ನು ಅಳೆಯುವುದಿಲ್ಲ, ಸುತ್ತಲಿನ ಹಿರಿಯರ ಮುಖದ ಮೇಲೆ ಅವರು ಓದಿಕೊಂಡ ಮೆಚ್ಚಿಕೆ ಮತ್ತು ಜುಗುಪ್ಸೆಗಳನ್ನು ಪ್ರತಿಧ್ವನಿಸುತ್ತದೆ ಎಂಬುದೇ ನಾನು ಇದರಿಂದ ಗ್ರಹಿಸಿದ ಅರ್ಥ.

ನಮ್ಮ ನುಡಿಯಲ್ಲಿಯೂ ಇದಕ್ಕೊಂದು ವಿಚಿತ್ರವಾದ ಸಾಕ್ಷ್ಯವಿದೆ. ‘ಹೆಳವ’ ಎಂದರೆ ಕಾಲಿಲ್ಲದವನು, ಕುಂಟ. ಆದರೆ ಉತ್ತರದ ಜಿಲ್ಲೆಗಳ ಹಳ್ಳಿಗಳಲ್ಲಿ ಆ ಹೆಸರಿನ ಸಮುದಾಯದವರು ಗಂಟೆ ಕಟ್ಟಿದ ಎತ್ತಿನ ಮೇಲೆ ಕುಳಿತು, ಕಾಲನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬಂದು, ಪ್ರತಿಯೊಂದು ಮನೆತನದ ವಂಶಾವಳಿಯನ್ನು ತಲೆತಲಾಂತರದಿಂದ ಒಪ್ಪಿಸುತ್ತಿದ್ದರು. ಮೂಲಪುರುಷನು ಹೆಳವನಾಗಿದ್ದನೆಂಬ ಐತಿಹ್ಯಕ್ಕೆ ಗೌರವವಾಗಿ, ನಡೆಯಬಲ್ಲವರೂ ಕಾಲು ಮುಚ್ಚಿಕೊಂಡೇ ಬರುತ್ತಿದ್ದರು. ಆ ಗಂಟೆಯ ಸದ್ದಿಗೆ ಊರಿನ ಹುಡುಗರೆಲ್ಲ ಎತ್ತಿನ ಹಿಂದೆ ಓಡುತ್ತಿದ್ದುದು ಅಣಕಿಸುವುದಕ್ಕಲ್ಲ. ತನ್ನ ಮುತ್ತಜ್ಜನ ಹೆಸರನ್ನು ತನಗೆ ಹೇಳಬಲ್ಲವನು ಆ ಹೆಳವನೊಬ್ಬನೇ ಎಂಬುದಕ್ಕಾಗಿ. ಅದೇ ಶಬ್ದವು ಓಣಿಯಲ್ಲಿ ಬೈಗುಳ, ಎತ್ತಿನ ಮೇಲೆ ಬಿರುದು.

ಇನ್ನು ಪುರಾಣದ ಕಡೆಗೆ ತಿರುಗಿದರೆ, ಮಹಾಭಾರತದ ವನಪರ್ವದಲ್ಲಿ ಲೋಮಶ ಮಹರ್ಷಿಯು ಧರ್ಮರಾಯನಿಗೆ ಹೇಳುವ ಅಷ್ಟಾವಕ್ರನ ಕಥೆಯಿದೆ. ಜನಕನ ಸಭೆಯವರು ಅವನ ಎಂಟು ಡೊಂಕುಗಳನ್ನು ಕಂಡು ನಕ್ಕರೆಂದೂ, ಅವನು ಅವರನ್ನು ಚರ್ಮವನ್ನಷ್ಟೇ ನೋಡಬಲ್ಲವರೆಂದು ಜರಿದನೆಂದೂ ಹರಿಕಥೆಗಳಲ್ಲಿ ಕೇಳಿದ್ದೇವೆ. ವನಪರ್ವದ ಕಥೆಯ ಕೀಲು ಇರುವುದು ಬೇರೆಡೆಯಲ್ಲಿ, ಎರಡು ಮಕ್ಕಳ ಜಗಳದಲ್ಲಿ. ತಂದೆ ಕಹೋಡನ ಶಾಪದಿಂದ ಗರ್ಭದಲ್ಲಿಯೇ ವಕ್ರನಾದ ಈ ಬಾಲಕನು ಅಜ್ಜ ಉದ್ದಾಲಕನ ಆಶ್ರಮದಲ್ಲಿ, ಅಜ್ಜನನ್ನೇ ತಂದೆಯೆಂದೂ, ಅಜ್ಜನ ಮಗನೂ ತನ್ನ ಸಮವಯಸ್ಕನೂ ಆದ ಶ್ವೇತಕೇತುವನ್ನು ಅಣ್ಣನೆಂದೂ ತಿಳಿದು ಬೆಳೆಯುತ್ತಾನೆ. ಹನ್ನೆರಡನೆಯ ವರ್ಷದಲ್ಲಿ ಒಂದು ದಿನ ಅವನು ಉದ್ದಾಲಕನ ತೊಡೆಯ ಮೇಲೆ ಕುಳಿತಿರಲು, ಶ್ವೇತಕೇತು ಬಂದು ಅವನನ್ನು ಕೈಹಿಡಿದು ಕೆಳಗೆಳೆದು, ಇದು ನಿನ್ನ ಅಪ್ಪನ ತೊಡೆಯಲ್ಲ ಎನ್ನುತ್ತಾನೆ. ಗಮನಿಸತಕ್ಕದ್ದೇನೆಂದರೆ, ಎದುರಿಗೆ ಎಂಟು ಡೊಂಕುಗಳು ಕಾಣುತ್ತಿರುವಾಗಲೂ ಜಗಳದ ಬಿಸಿಯಲ್ಲಿ ಆ ಹುಡುಗನ ಬಾಯಿಗೆ ಅವುಗಳ ಮಾತು ಬರುವುದಿಲ್ಲ. ಬರುವುದು ಅಪ್ಪನ ತೊಡೆಯ ಮಾತು. ಯಾವ ಎರಡು ಮಕ್ಕಳ ನಡುವೆಯೂ ಬರಬಹುದಾದ ಮಾತು. ಜೊತೆಯಲ್ಲಿ ಬೆಳೆದ ಕಣ್ಣಿಗೆ ಡೊಂಕು ಎಂದೋ ಕಾಣದಂತಾಗಿತ್ತು. ಅಳುತ್ತ ಹೋಗಿ ತಾಯಿಯಿಂದ ನಿಜವನ್ನು ತಿಳಿದ ಅಷ್ಟಾವಕ್ರನು, ಜನಕನ ಆಸ್ಥಾನದಲ್ಲಿ ವಾದಕ್ಕೆ ಸೋತು ನೀರುಪಾಲಾದ ತಂದೆಯನ್ನು ಬಿಡಿಸಿತರಲು ಹೊರಟಾಗ, ಸಂಗಡ ಹೊರಟವನು ಯಾರು? ಅದೇ ಶ್ವೇತಕೇತು! ಬಾಗಿಲಲ್ಲಿ ದ್ವಾರಪಾಲಕನು ತಡೆದದ್ದು ಕೂಡ ಡೊಂಕನನ್ನಲ್ಲ, ಚಿಕ್ಕ ಹುಡುಗರನ್ನು. ಗೆದ್ದು ಬಂದ ಅನಂತರ ಸಮಂಗಾ ನದಿಯಲ್ಲಿ ಮುಳುಗಿಸಿ ಅವನ ಅಂಗಾಂಗಗಳನ್ನು ನೆಟ್ಟಗೆ ಮಾಡಿದ್ದು ಕವಿಯ ಔದಾರ್ಯವಿರಬಹುದು. ನನಗಂತೂ ಅದು ಬೇಡವಾಗಿತ್ತು. ತೊಡೆಯಿಂದ ಎಳೆದವನೇ ದಾರಿಗೆ ಜೊತೆಯಾದನೆಂಬುದರಲ್ಲಿಯೇ ಆ ಕಥೆ ಪೂರ್ಣವಾಗಿದೆ.

ಜೊತೆಯಲ್ಲಿ ಬೆಳೆಯುವುದು ಎಂದೆ. ಅದು ತಾನಾಗಿ ಒದಗುವುದಿಲ್ಲ. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟರು 1954ರಲ್ಲಿಯೇ, ಪೂರ್ವಗ್ರಹವು ಕರಗಬೇಕಾದರೆ ಎರಡು ಗುಂಪಿನವರು ಬರಿದೆ ಅಕ್ಕಪಕ್ಕ ಇದ್ದರೆ ಸಾಲದು, ಸಮಾನ ಸ್ಥಾನದಲ್ಲಿ ನಿಂತು, ಒಂದೇ ಗುರಿಗಾಗಿ, ಒಬ್ಬರಿಗೊಬ್ಬರು ಬೇಕಾಗಿ, ಹಿರಿಯರ ಒಪ್ಪಿಗೆಯ ನೆರಳಿನಲ್ಲಿ ಕೆಲಸ ಮಾಡಬೇಕೆಂದು ಹೇಳಿದರು. ಕಟ್ಟೆಯ ಮೇಲಿನವನೂ ನಾವೂ ವರ್ಷಗಟ್ಟಲೆ ಅಕ್ಕಪಕ್ಕದಲ್ಲಿದ್ದೆವು. ಮೊದಲನೆಯದೊಂದನ್ನು ಬಿಟ್ಟರೆ ಉಳಿದ ಮೂರೂ ಇದ್ದವೆಂದು ಒಪ್ಪಿದರೂ, ಆ ಮೊದಲನೆಯದೇ ಇಲ್ಲದೆ ಉಳಿದುವು ನಿಷ್ಫಲವಾದುವು. ಶಿಕಾಗೋ ನಗರದಲ್ಲಿ ಶಿಶುವಿಹಾರದ ಉಪಾಧ್ಯಾಯಿನಿಯಾಗಿದ್ದ ವಿವಿಯನ್ ಪೇಲಿಯವರು ತಮ್ಮ ತರಗತಿಯಲ್ಲಿ ಒಂದೇ ಒಂದು ನಿಯಮವನ್ನು ತಂದು, ಅದರ ಫಲವನ್ನು 1992ರಲ್ಲಿ ಪುಸ್ತಕವಾಗಿ ಬರೆದರು: ಆಟಕ್ಕೆ ಬರುತ್ತೇನೆಂದವನಿಗೆ ಬರಬೇಡವೆಂದು ಯಾರೂ ಹೇಳಕೂಡದು. ಮಕ್ಕಳು ಅದನ್ನು ಕುರಿತು ಬಹಳ ವಾದಿಸಿದರು. ಇದು ನ್ಯಾಯವೇ, ಆಟ ಕೆಡುವುದಿಲ್ಲವೇ ಎಂದರು. ಕೊನೆಗೆ ನಿಯಮವು ನಿಂತಿತು. ನಾನು ಅದಕ್ಕೆ ಸೇರಿಸಬಯಸುವುದು ಇಷ್ಟೇ: ಬಂದವನನ್ನು ಲೆಕ್ಕಕ್ಕಿಲ್ಲವೆಂದೂ ಹೇಳಕೂಡದು.

ಮನೆಯ ಹಿರಿಯರ ಪಾಲು ಇದಕ್ಕಿಂತ ಮೊದಲೇ ಆರಂಭವಾಗುತ್ತದೆ. ಬಸ್ಸಿನಲ್ಲಿಯೋ ಸಂತೆಯಲ್ಲಿಯೋ ಕ್ಯಾಲಿಪರ್ ಕಟ್ಟಿಕೊಂಡವನೊಬ್ಬ ಎದುರಾದಾಗ, ಐದು ವರ್ಷದ ಮಗು, “ಯಣ್ಣಾ, ನಿನ್ ಕಾಲಿಗೇನಾಗೈತಿ?” ಎಂದು ಬಾಯಿ ತುಂಬ ಕೇಳುತ್ತದೆ. ತಾಯಿ ಅದರ ಬಾಯಿ ಮುಚ್ಚಿ, “ಸುಮ್ನಿರಲೇ, ಹಂಗೆಲ್ಲಾ ಕೇಳಬಾರದು” ಎಂದು ಗದರುತ್ತಾಳೆ. ಆ ಗದರಿಕೆಯಿಂದ ಮಗು ಸಭ್ಯತೆಯನ್ನು ಕಲಿಯುತ್ತದೆಂದು ಅವಳ ನಂಬಿಕೆ; ಅದು ಕಲಿಯುವುದು, ಆ ಕಾಲಿನಲ್ಲಿ ನಾಚಿಕೆಪಡತಕ್ಕದ್ದೇನೋ ಇದೆ ಎಂಬುದನ್ನು. ಕೇಳಿಸಿಕೊಂಡವರು ಸಾಮಾನ್ಯವಾಗಿ ಕೋಪಿಸಿಕೊಳ್ಳುವುದಿಲ್ಲ. “ಸಣ್ಣವನಿದ್ದಾಗ ಜ್ವರ ಬಂದಿತ್ತಪ್ಪಾ, ಅದಕ್ಕ ಶಕ್ತಿ ಹೋತು, ಈ ಕಬ್ಬಿಣ ಕಟ್ಟಿದರ ನಡೀತೀನಿ” ಎಂಬ ಎರಡು ಮಾತು ಸಾಕು. ಮಗು ಆ ಕಬ್ಬಿಣವನ್ನು ಒಮ್ಮೆ ಮುಟ್ಟಿ ನೋಡಿ, ತನಗೂ ಅಂಥದೊಂದು ಬೇಕೆಂದರೂ ಎನ್ನಬಹುದು. ಪ್ರಶ್ನೆಗೆ ಉತ್ತರ ಸಿಕ್ಕಿದ ಕ್ಷಣದಲ್ಲಿ ಆ ಕಾಲು ಅದರ ಪಾಲಿಗೆ ಸಾಮಾನ್ಯ ಸಂಗತಿಯಾಗಿಬಿಡುತ್ತದೆ.

ಪೋಲಿಯೊದಿಂದ ಕಾಲು ಸೋತ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ ಕಾಣುವುದಿಲ್ಲ. ಭಾರತದಲ್ಲಿ ಆ ಕಾಡುವೈರಸ್ಸಿನ ಕೊನೆಯ ಪ್ರಕರಣವು ವರದಿಯಾದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹಾವಡಾದಲ್ಲಿ. 2014ರ ಮಾರ್ಚ್ 27ರಂದು ದೇಶವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಬಂತು. ಅಂದ ಮಾತ್ರಕ್ಕೆ ಕಟ್ಟೆ ಖಾಲಿಯಾಗಿಲ್ಲ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಮಕ್ಕಳಿದ್ದಾರೆ. ಜನಿಸಿದ ಕೆಲವೇ ವಾರಗಳಲ್ಲಿ ಆರಂಭಿಸಿ ವಾರವಾರವೂ ಪ್ಲಾಸ್ಟರು ಬದಲಿಸುತ್ತ ಹೋಗುವ ಪೊನ್ಸೆಟಿ ಕ್ರಮದಿಂದ ಆ ಪಾದಗಳನ್ನು ಬಹುಪಾಲು ನೇರಗೊಳಿಸಬಹುದಾದುದರಿಂದ, ಅದನ್ನು ಗ್ರಹಣದ ಫಲವೆಂದು ಕೈಬಿಡುವುದು ಅಕ್ಷಮ್ಯ. ಹೆರಿಗೆಯ ಮುಂಚೆಯೋ ಹೆರಿಗೆಯಲ್ಲಿಯೋ ಮೆದುಳಿಗಾದ ಹಾನಿಯಿಂದ ಸ್ನಾಯುಗಳು ಬಿಗಿದ ಮಕ್ಕಳಿದ್ದಾರೆ. ಇವರಲ್ಲಿ ಹಲವರ ಮಾತು ತೊದಲುವುದರಿಂದ, ಬುದ್ಧಿ ಚುರುಕಾಗಿದ್ದರೂ ಮಂದರೆಂದು ತಳ್ಳಿಬಿಡುತ್ತಾರೆ. ಡುಶೆನ್ ಎಂಬ ಸ್ನಾಯುಕ್ಷಯಕ್ಕೆ ಗುರಿಯಾದ ಗಂಡುಮಕ್ಕಳ ಸ್ಥಿತಿ ಇನ್ನೂ ಕಠಿನ: ಐದಾರು ವರ್ಷದಲ್ಲಿ ಎಲ್ಲರೊಡನೆ ಓಡಾಡಿಕೊಂಡಿದ್ದವನು, ಹನ್ನೆರಡರ ಹೊತ್ತಿಗೆ ಕುರ್ಚಿಗೆ ಸೇರುತ್ತಾನೆ. ಅವನ ಗೆಳೆಯರು ವರ್ಷವರ್ಷವೂ ಆಟದ ನಿಯಮವನ್ನು ಹೊಸದಾಗಿ ಬರೆಯುತ್ತ ಹೋಗಬೇಕು. ಬರೆಯುವವರಿದ್ದಾರೆ.

ಕಾನೂನು ಈ ವಿಷಯದಲ್ಲಿ ನಾವು ಊಹಿಸುವುದಕ್ಕಿಂತ ಮುಂದೆ ಹೋಗಿದೆ. ವಿಕಲಾಂಗರ ಹಕ್ಕುಗಳ 2016ರ ಅಧಿನಿಯಮದ 16ನೆಯ ಪ್ರಕರಣವು, ಸರಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳಿಗೆ ಭೇದವಿಲ್ಲದೆ ಪ್ರವೇಶ ಕೊಡಬೇಕೆನ್ನುವುದಷ್ಟೇ ಅಲ್ಲದೆ, ಇತರರ ಸಮಾನವಾಗಿ ಕ್ರೀಡೆಯ ಮತ್ತು ವಿನೋದದ ಅವಕಾಶವನ್ನೂ ಕಲ್ಪಿಸಬೇಕೆನ್ನುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಆಟವನ್ನು ಹಕ್ಕುಗಳ ಪಟ್ಟಿಗೇ ಸೇರಿಸಿದೆ. ಶಾಲೆಗಳ ಬಾಗಿಲಿಗೆ ಇಳಿಜಾರುಗಳೂ ಬಂದಿವೆ. ಆದರೆ ಆ ಸಿಮೆಂಟಿನ ಇಳಿಜಾರು ತರಗತಿಯ ಹೊಸ್ತಿಲಿನಿಂದ ಹೊರಟು ಅಂಗಳದ ಅಂಚಿನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆಗಿರುವುದು ಅದೇ ಎರೆಮಣ್ಣು. ಬಯಲಿನ ಒಂದು ಮೂಲೆಗೆ ನಾಲ್ಕು ಗಾಡಿ ಗರಸು ಹಾಕಿಸಿ ಗಟ್ಟಿಮಾಡಿದರೆ ಗಾಲಿಯೂ ಊರುಗೋಲೂ ನಿಲ್ಲುವ ನೆಲ ಸಿದ್ಧವಾಗುತ್ತದೆ. ಅಂದಾಜುಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರುವುದನ್ನು ನಾನು ಇನ್ನೂ ಕಂಡಿಲ್ಲ.

ನ್ಯೂನತೆಯುಳ್ಳ ಮಕ್ಕಳನ್ನು ತಮ್ಮಂಥವರ ನಡುವೆಯೇ ಬೆಳೆಸುವುದು ಸುಖವಲ್ಲವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಕೂಸಾಗಿದ್ದಾಗ ಬಂದ ಜ್ವರದಿಂದ ಇಡೀ ದೇಹ ನಿಶ್ಚೇಷ್ಟಿತವಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು ಸುಮಾರು ಹದಿನೈದು ವರ್ಷಗಳನ್ನು ಚೆನ್ನೈನ ಮೂಳೆಚಿಕಿತ್ಸಾ ಕೇಂದ್ರದಲ್ಲಿ, ತಮ್ಮಂಥ ಮಕ್ಕಳ ಸಹವಾಸದಲ್ಲಿಯೇ ಕಳೆದರು; ಅಲ್ಲಿಂದ ಹೊರಟು 1988ರ ಸೋಲ್ ಪ್ಯಾರಾಲಿಂಪಿಕ್ಸಿನವರೆಗೆ ಹೋಗಿ, ಅರ್ಜುನ ಪ್ರಶಸ್ತಿಯನ್ನೂ ಪದ್ಮಶ್ರೀಯನ್ನೂ ಪಡೆದು, ಈಗ ಮಾತೃ ಪ್ರತಿಷ್ಠಾನದ ಆಶ್ರಯದಲ್ಲಿ ಅಂಥದೇ ಮಕ್ಕಳನ್ನು ಪೋಷಿಸುತ್ತಿದ್ದಾರೆ. ಎಲ್ಲರೂ ಕುಂಟುವ ಕಡೆ ಯಾರೂ ಕುಂಟರಲ್ಲ; ಆ ನೆಮ್ಮದಿಯ ಬೆಲೆ ದೊಡ್ಡದು. ಆದರೂ ಚಿಕಿತ್ಸೆಗೋ ವಿಶೇಷ ಶಿಕ್ಷಣಕ್ಕೋ ದೂರ ಕಳುಹಿಸಿದ ಮಗು ಒಂದು ದಿನ ರಾರಾವಿಗೆ ಹಿಂದಿರುಗಿ ಬರುತ್ತದೆ, ಮತ್ತು ಆ ದಿನ ಊರಿನ ಮಕ್ಕಳಿಗೆ ಅದರ ಹೆಸರೇ ತಿಳಿದಿರುವುದಿಲ್ಲ. ಸಾಧ್ಯವಿದ್ದಷ್ಟು ಮಟ್ಟಿಗೆ ಊರಿನ ಶಾಲೆಯೇ ಮೊದಲು, ಬೇರೆಯದು ಅನಿವಾರ್ಯವಾದಾಗ ಎಂಬುದು ನನ್ನ ಅಭಿಪ್ರಾಯ.

ಸಿರುಗುಪ್ಪ ತಾಲೂಕಿನ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಬಿನ್ನಹವಿದೆ. ಆಟದ ಅವಧಿಯ ಗಂಟೆ ಬಾರಿಸಿ ತರಗತಿಯೆಲ್ಲ ಬಯಲಿಗೆ ಧಾವಿಸುವಾಗ, ಕಾಲು ಸರಿಯಿಲ್ಲದ ಹುಡುಗನನ್ನೋ ಹುಡುಗಿಯನ್ನೋ ಚೀಲ ಕಾಯುವುದಕ್ಕೆಂದು ಒಳಗೆ ಕೂರಿಸುವ ವಾಡಿಕೆ ಹಲವು ಶಾಲೆಗಳಲ್ಲಿದೆ. ಅದರಲ್ಲಿ ದುರುದ್ದೇಶವಿಲ್ಲವೆಂದು ಬಲ್ಲೆ. ನಮ್ಮ ಕಟ್ಟೆಯ ಮೇಲಿನ ಹುದ್ದೆಯಲ್ಲಿಯೂ ಇರಲಿಲ್ಲ. ನಾಳೆ ಆ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ, ಇವನನ್ನು ಲೆಕ್ಕಕ್ಕೆ ತೆಗೆದುಕೊಂಡು ಆಡಬೇಕಾದರೆ ನಿಯಮ ಹೇಗಿರಬೇಕೆಂದು ಇತರ ಮಕ್ಕಳನ್ನೇ ಕೇಳಿ, ಅವರು ಹೇಳುತ್ತಾರೆ. ಚೀಲಗಳಿಗೆ ಗೋಡೆಯ ಮೇಲೆ ಒಂದು ಸಾಲು ಮೊಳೆ ಹೊಡೆಸಿದರೆ ಸಾಕು.